ತಿರುವಿಗೆ ಮೊದಲೇ ಒಂದು ಗೇರ್

ಬೀಯುನ್ ಅಕ್ಕಾ,

ನೀನು ಹೋಗಿ ಎರಡು ವರ್ಷವಾಯಿತು. ಈ ಕಾಗದ ಎಲ್ಲಿಗೂ ಹೋಗುವುದಿಲ್ಲ. ಆದರೂ ಇವತ್ತು ನಡೆದದ್ದನ್ನು ನಿನಗೇ ಹೇಳಬೇಕು.

ಬೆಳಿಗ್ಗೆ ನಿನ್ನ ಮಗಳು ಜಿಂಗ್‌ವೆನ್‌ಗೆ ಬಸ್ಸು ತಪ್ಪಿತು. ಪುಲಿ ಪಟ್ಟಣದಿಂದ ಬೆಟ್ಟದ ಮೇಲಿನ ಅವಳ ಶಾಲೆಗೆ ನನ್ನ ಬೈಕಿನಲ್ಲೇ ಕರೆದೊಯ್ದೆ. ಈಗ ನಾನು ಚೆನ್ನಾಗಿ ಓಡಿಸುತ್ತೇನೆ. ತಿರುವಿಗೆ ಮೊದಲು, ರಸ್ತೆ ನೇರವಿರುವಾಗಲೇ ಬ್ರೇಕ್ ಹಿಡಿದು, ಒಂದು ಗೇರ್ ಇಳಿಸಿ, ಆಕ್ಸಿಲರೇಟರ್ ಒಂದಿಷ್ಟು ಕೊಟ್ಟು, ಕ್ಲಚ್ಚನ್ನು ಮೆಲ್ಲಗೆ ಬಿಡುತ್ತೇನೆ. ಹಿಂದೆ ಕೂತವರ ತಲೆಯೂ ಅಲುಗುವುದಿಲ್ಲ.

ಆದರೂ ಅವಳು ಉಸಿರು ಬಿಗಿಹಿಡಿದು ಕೂತಿದ್ದಳು. ಚಹಾದಂಗಡಿಯ ಮುಂದೆ ನಿಲ್ಲಿಸಿ ಕೇಳಿದೆ, "ಯಾಕೇ, ಮಾವನ ಮೇಲೆ ನಂಬಿಕೆ ಇಲ್ವಾ?"

"ನಿಮ್ಮ ಮೇಲಲ್ಲ ಮಾವ, ನನ್ನ ಮೇಲೇ ಇಲ್ಲ. ಅವತ್ತು ಅಮ್ಮ ಹಿಂದೆ ಅಲ್ಲಾಡಿದ್ದಕ್ಕೇ ಅಲ್ವಾ ನೀವು ಬಿದ್ದು ಕಾಲು ಮುರ್ಕೊಂಡಿದ್ದು?"

ಅಪ್ಪ ಬೈಯುತ್ತಾರೆಂದು ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಆಸ್ಪತ್ರೆಯಲ್ಲಿ ಹೇಳಿದ ಮಾತು ಅದು. ನೀನು ಅಲ್ಲಾಡಿರಲಿಲ್ಲ. ತಿರುವಿನ ನಡುವೆ ಎರಡು ಗೇರ್ ಒಟ್ಟಿಗೇ ಇಳಿಸಿ ಕ್ಲಚ್ಚನ್ನು ಫಟ್ಟನೆ ಬಿಟ್ಟವನು ನಾನು. ಹಿಂದಿನ ಚಕ್ರ ಜಾರಿತು. ಇವತ್ತು ಅದನ್ನು ಅವಳಿಗೆ ಹೇಳಿದೆ.

"ಅಮ್ಮಂಗೆ ಇದು ಗೊತ್ತಿತ್ತಾ?"

"ಇಲ್ಲ."

"ಅಪ್ಪ ಎಷ್ಟು ಕರೆದ್ರೂ ಅಮ್ಮ ಕೊನೇವರೆಗೂ ಬೈಕ್ ಹತ್ಲಿಲ್ಲ, ಮಾವ. ನಾನು ಕೂತ್ರೆ ನೀವು ಬೀಳ್ತೀರಿ ಅನ್ನೋಳು. ಮಾರ್ಕೆಟ್ಟಿಗೂ ನಡ್ಕೊಂಡೇ ಹೋಗೋಳು."

ನಿನಗೆ ನಡೆಯುವುದೆಂದರೆ ಇಷ್ಟ ಎಂದೇ ಇಷ್ಟು ವರ್ಷ ತಿಳಿದಿದ್ದೆ.

ನಿನ್ನ ತಮ್ಮ,
ಜಿನ್‌ಫಾ