ಕ್ಯಾಮರಾದ ಹಿಂದೆ ಕೂತವರು

ಪ್ರೀತಿಯ ಗೆಳತಿ ತೊರಿಕಾ,

ನಿನ್ನನ್ನು ಲಾವುವಿನ ಆ ದೂರದ ದ್ವೀಪಕ್ಕೆ ವರ್ಗ ಮಾಡಿದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ನಿಜ ಹೇಳುತ್ತೇನೆ, ನೀನು ತರಬೇತುದಾರಳಾಗಿ ರಾಜಧಾನಿ ಸುವಾದಿಂದ ಬಂದಿಳಿದ ದಿನ ನನಗೆ ಸಂತೋಷವಾಗಲಿಲ್ಲ. ಒಂದೇ ಶಾಲೆಯಲ್ಲಿ ಜೊತೆಗೆ ಪಾಠ ಮಾಡಿ, ಒಂದೇ ತಟ್ಟೆಯಲ್ಲಿ ಮರಗೆಣಸು ತಿಂದವರು ನಾವು. ಆದರೂ ಸರ್ಕಾರದ ಹೊಸ ಯೋಜನೆಯವರು ನಿನ್ನ ಚೀಲದಲ್ಲಿ ತುಂಬಿ ಕಳಿಸಿದ ಟ್ಯಾಬ್ಲೆಟ್ಟುಗಳನ್ನು ಕಂಡು, ನಿನ್ನನ್ನು ಅಪ್ಪಿಕೊಳ್ಳದೆ ಬಾಗಿಲಲ್ಲೇ ನಿಂತೆ.

ತರಗತಿಯಲ್ಲಿ ಅವನ್ನು ಬಳಸುವುದು ಹೇಗೆಂದು ನಮಗೆ ಕಲಿಸುವುದು ನಿನ್ನ ಕೆಲಸ. ಸರಿ. ಆದರೆ ನಾವು ಪಾಠ ಮಾಡುವುದನ್ನು ಚಿತ್ರೀಕರಿಸುವುದೇಕೆ? ಚಹಾದ ಹೊತ್ತಿಗೆ ಸೆಮಿಸಿ ಮಾಸ್ತರರು, "ಚೆನ್ನಾಗಿ ನಕ್ಕುಬಿಡಿ ಮೇಡಂ, ಮನೆಗೆ ಕಳಿಸೋ ಆರ್ಡರ್‌ನಲ್ಲಿ ಅದೇ ಫೋಟೋ ಹಾಕ್ತಾರಂತೆ" ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

"ನನ್ನನ್ನೂ ನಂಬಲ್ವೇನೇ ವಿಲಿಮೈನಾ?" ಎಂದು ನೀನು ಕೇಳಿದೆ.

"ನಿನ್ನನ್ನ ನಂಬ್ತೀನಿ ಕಣೇ. ಇದನ್ನ ಕೊಟ್ಟು ಕಳಿಸಿದೋರನ್ನ ನಂಬಲ್ಲ."

ನಿನ್ನ ಮುಖ ಬಾಡಿತು. "ನೋಡೋದು ನಾವಿಬ್ರೇ. ಆಮೇಲೆ ಅಳಿಸಿಬಿಡ್ತೀನಿ" ಎಂದು ಮಾತು ಕೊಟ್ಟೆ ನೀನು. ಆ ಮಾತನ್ನೂ ನಾನು ಅರ್ಧವಷ್ಟೇ ನಂಬಿದ್ದು.

ಮಧ್ಯಾಹ್ನ ಮಾವಿನ ಮರದಡಿ ಕೂತು ಇಬ್ಬರೂ ನೋಡಿದೆವು. ನನ್ನ ತಪ್ಪುಗಳನ್ನು ಎತ್ತಿ ಆಡುತ್ತೀಯೆಂದು ಕಾಯುತ್ತಿದ್ದೆ. ನೀನು ಚಿತ್ರ ನಿಲ್ಲಿಸಿ, "ಆಸಿನಾತೆನ ನೋಡು" ಅಂದೆ, ಅಷ್ಟೇ. ನಾನು ಹಲಗೆಯ ಕಡೆ ತಿರುಗಿ ಓದಿಸುವಾಗಲೆಲ್ಲ ಆ ಹುಡುಗಿ ಪಕ್ಕದವಳ ತುಟಿ ನೋಡಿಕೊಂಡು ತಾನೂ ತುಟಿಯಾಡಿಸುತ್ತಿದ್ದಳು. ಊರೆಲ್ಲ ಮಂಕು ಎನ್ನುತ್ತಿದ್ದ ಮಗುವಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ! ಬೆನ್ನ ಹಿಂದೆ ನಡೆಯುವುದನ್ನು ಯಾವ ಟೀಚರ್ ತಾನೇ ಕಂಡಾಳು?

ಆಮೇಲೆ ಯೋಜನೆಯವರು ಚಿತ್ರಗಳನ್ನೆಲ್ಲ ಕೇಳಿದರಂತೆ, ನಮ್ಮಲ್ಲಿ ಯಾರು ಬೇಕು, ಯಾರು ಬೇಡ ಎಂದು ವಿಂಗಡಿಸಲು. ನನ್ನ ಅನುಮಾನ ಸುಳ್ಳಾಗಿರಲಿಲ್ಲ. "ಎಲ್ಲಾ ಅಳಿಸಿಬಿಟ್ಟಿದೀನಿ" ಎಂದು ನೀನು ಹೇಳಿದೆಯಂತೆ. ಆ ಒಂದು ಮಾತಿಗೆ ಹುದ್ದೆ ಹೋಗಿ ಲಾವು ಬಂತು. ನನಗೆ ತಿಳಿಸದೆಯೇ ಹಡಗು ಹತ್ತಿಬಿಟ್ಟೆಯಲ್ಲೇ, ಅದೊಂದನ್ನು ನಾನು ಕ್ಷಮಿಸಲಾರೆ.

ಆಸಿನಾತೆಯ ಕಿವಿಗೆ ಈಗ ಯಂತ್ರ ಬಂದಿದೆ. ಹಾಕಿಕೊಂಡ ಮೊದಲ ದಿನವೇ, "ಮೇಡಂ, ಇವ್ರೆಲ್ಲ ದಿನಾ ಇಷ್ಟೊಂದು ಗಲಾಟೆ ಮಾಡ್ತಾರಾ?" ಎಂದು ಕೇಳಿದಳು.

ನಿನ್ನ ಜಾಗಕ್ಕೆ ಬಂದವಳು ನಮ್ಮ ಮನೆಯಲ್ಲೇ ಇಳಿದುಕೊಂಡಿದ್ದಾಳೆ. ಊಟಕ್ಕೆ ಕೂತಾಗ ನೇರವಾಗಿ ಕೇಳಿದೆ: "ಮೇಲಿನೋರು ಕೇಳಿದ್ರೆ ನಮ್ಮ ಚಿತ್ರ ಕೊಟ್ಟುಬಿಡ್ತೀಯಾ?" ಅವಳು ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟು, "ಗೊತ್ತಿಲ್ಲ ಮೇಡಂ. ನಂಗೂ ಮಕ್ಕಳಿದಾರೆ" ಎಂದಳು. ಸುಳ್ಳು ಹೇಳಲಿಲ್ಲವಲ್ಲ ಎಂದು ಇನ್ನೊಂದು ತುಂಡು ಮೀನು ಬಡಿಸಿದೆ. ನಾಳೆ ಅವಳು ನನ್ನ ತರಗತಿಗೆ ಬರುತ್ತಾಳೆ. ಒಳಗೆ ಬಿಡುತ್ತೇನೋ ಇಲ್ಲವೋ, ನನಗೂ ಗೊತ್ತಿಲ್ಲ.

ಅಲ್ಲಿಯ ಮಕ್ಕಳು ನಿನ್ನನ್ನು ಬೇಗ ಹಚ್ಚಿಕೊಳ್ಳಲಿ, ದೇವರು ನಿನ್ನನ್ನು ಕಾಯಲಿ.

ಯಾರನ್ನೂ ಸುಲಭಕ್ಕೆ ನಂಬದ, ನಿನ್ನನ್ನು ಮಾತ್ರ ನಂಬುವ,
ವಿಲಿಮೈನಾ