ತೊಟ್ಟಿಲಿಗೆ ಮುಯ್ಯಿ

ಅಡುಗೆಮನೆಯ ಮೇಜು,
ಭಾನುವಾರ, ತಾರೀಕು ಹದಿನಾಲ್ಕು

ಅತ್ತೆಯವರಿಗೆ ನಮಸ್ಕಾರ.

ಪ್ರತಿ ಸಲ ಇದರ ಹಿಂದೆ 'ಪೂಜ್ಯ' ಎಂದು ಸೇರಿಸುತ್ತಿದ್ದೆ. ಈ ಸಲ ಪೆನ್ನು ಏಳಲಿಲ್ಲ, ಬಿಟ್ಟಿದ್ದೇನೆ. ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತೆಂದು ತಿಳಿದು ಸಮಾಧಾನವಾಯಿತು. ಹನಿ ಔಷಧಿಯನ್ನು ಹೊತ್ತು ಹೊತ್ತಿಗೆ ಹಾಕಿಸಿಕೊಳ್ಳಿ. ಬಗ್ಗಬೇಡಿ, ಭಾರ ಎತ್ತಬೇಡಿ, ಅಳಬೇಡಿ ಎಂದು ಡಾಕ್ಟರು ಹೇಳಿರುತ್ತಾರೆ. ಮೊದಲಿನ ಎರಡರ ಬಗ್ಗೆ ನನಗೆ ಚಿಂತೆ. ಮೂರನೆಯದರ ಬಗ್ಗೆ ಇಲ್ಲ. ಆರು ವರ್ಷದ ಹಿಂದೆ ಈ ಮನೆಯಲ್ಲಿ ಬೀದಿಯವರೆಲ್ಲ ಬಂದು ಅತ್ತಾಗಲೂ ನಿಮ್ಮ ಕಣ್ಣು ಒದ್ದೆಯಾದದ್ದನ್ನು ನಾನು ಕಾಣಲಿಲ್ಲ. ಇನ್ನೂ ಒಂದು ತಿಂಗಳು ನೀವು ಓದುವ ಹಾಗಿಲ್ಲವಂತೆ, ಆದ್ದರಿಂದ ಇದನ್ನು ಮಗಳೇ ನಿಮ್ಮೆದುರು ಕೂತು ಗಟ್ಟಿಯಾಗಿ ಓದುತ್ತಿರುತ್ತಾಳೆ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಪುಟ್ಟಿ, ನಿನಗೆ ಎಂಟು ತಿಂಗಳು ತುಂಬಿತು. ಬೆನ್ನಿಗೊಂದು ದಿಂಬು ಕೊಟ್ಟುಕೊಂಡು ಕೂತುಕೋ, ಪಕ್ಕದಲ್ಲಿ ನೀರಿಟ್ಟುಕೋ. ಬಸುರಿಯ ಕೈಯಲ್ಲಿ ಇಂಥದ್ದನ್ನು ಓದಿಸುವುದು ಸರಿಯಲ್ಲ ಎಂದು ನಾಲ್ಕು ದಿನ ಯೋಚಿಸಿದೆ. ಆಮೇಲೆ, ನೀನು ಓದದೆ ಹೋದರೆ ಅದಕ್ಕಿಂತ ದೊಡ್ಡ ತಪ್ಪು ಎನ್ನಿಸಿತು. ನಡುವೆ ಎಲ್ಲೂ ಸಾಲು ನುಂಗಬೇಡ, ತಾಯಿ.

ನೀವು ಮಗಳ ಮನೆಗೆ ಹೋದ ಮೇಲೆ ಇಲ್ಲಿ ನಾವಿಬ್ಬರೇ ಇದ್ದೇವೆ. ನಿಮ್ಮ ಮಗನಿಗೆ ಲಿಫ್ಟ್ ರಿಪೇರಿಯ ಕೆಲಸ ಎಂದಿನಂತೆ. ಊರಿನ ಎತ್ತರದ ಕಟ್ಟಡಗಳ ಲಿಫ್ಟುಗಳೆಲ್ಲ ಇವರಿಗಾಗಿಯೇ ಕೆಟ್ಟುಕೂರುತ್ತವೇನೋ ಎನ್ನುವಷ್ಟು ಕರೆಗಳು. ನನ್ನ ಕಾರ್ಖಾನೆಯಲ್ಲೂ ಉಸಿರಾಡಲು ಬಿಡುವಿಲ್ಲ. ಮಕ್ಕಳ ತೊಟ್ಟಿಲು ಮಾಡುವ ಕಾರ್ಖಾನೆಗೇ ಹೋಗಿ ಕೆಲಸಕ್ಕೆ ಸೇರಿದೆಯಲ್ಲ, ನಿನ್ನ ಎದೆ ಕಲ್ಲೇನು ಎಂದು ಆಗ ನೀವು ಕೇಳಿದ್ದಿರಿ. ಕಲ್ಲಲ್ಲ ಅತ್ತೆ. ನಾನು ಏನು ಮರೆತೆ, ಎಲ್ಲಿ ಮರೆತೆ ಎಂದು ತಿಳಿದುಕೊಳ್ಳದೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಅಲ್ಲಿ ಐದು ವರ್ಷದಿಂದ ನನ್ನದು ತಪಾಸಣೆಯ ಮೇಜು. ಹೊರಗೆ ಹೋಗುವ ಒಂದೊಂದು ತೊಟ್ಟಿಲೂ ನನ್ನ ಕೈಯಿಂದ ಪಾಸಾಗಬೇಕು. ಮೇಸ್ತ್ರಿ ನನಗೆ ಮೊದಲ ದಿನವೇ ಹೇಳಿದ್ದು ಇಷ್ಟೇ: "ನೋಡಮ್ಮ, ಕಣ್ಣಿಗೆ ಚೆನ್ನಾಗಿ ಕಂಡ್ರೆ ನಂಬ್ಬೇಡ, ಕಿವಿಗೆ ಚೆನ್ನಾಗಿ ಕೇಳಿದ್ರೂ ನಂಬ್ಬೇಡ. ಎಳೆದು ನೋಡು." ನಾನು ಎಳೆದು ನೋಡುತ್ತೇನೆ. ಆ ಮನುಷ್ಯನಿಗೆ ಇವತ್ತು ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ.

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. ನೀವು ಹೇಳಿ, ಪುಟ್ಟಿ ಬರೆದದ್ದು. "ನಿನ್ನ ಮಗೂಗೆ ನಮ್ಮ ಮನೆ ತೊಟ್ಟಿಲು ಕೊಟ್ವಿ. ಅದಕ್ಕೆ ಮುಯ್ಯಿ ಅಂತ ಈಗ ನನ್ನ ಮಗಳಿಗೆ ನೀನೊಂದು ಆರಿಸಿ ಕಳ್ಸು." ಮುಯ್ಯಿ. ಎಷ್ಟು ಸಲೀಸಾಗಿ ಬರೆಸಿದ್ದೀರಿ! ನಮ್ಮ ಭಾಷೆಯಲ್ಲಿ ಕೊಟ್ಟದ್ದಕ್ಕೆ ಪ್ರತಿಯಾಗಿ ಕೊಡುವ ಉಡುಗೊರೆಗೂ ಅದೇ ಮಾತು, ಸೇಡಿಗೂ ಅದೇ ಮಾತು. ನೀವು ಯಾವುದನ್ನು ಕೇಳಿದಿರೋ ನನಗೆ ಗೊತ್ತಿಲ್ಲ, ಕೇಳಿದ್ದನ್ನಂತೂ ತೀರಿಸುತ್ತೇನೆ. ತೊಟ್ಟಿಲು ಹೇಗಿರಬೇಕೆಂದೂ ಬರೆಸಿದ್ದೀರಿ. ನಮ್ಮ ಹಳೆಯದರ ಹಾಗೆ ನಾಲ್ಕು ಕಾಲಿನದು ಬೇಕು, ಸುತ್ತ ಸರಳಿರಬೇಕು, ಒಂದು ಪಕ್ಕ ಕೆಳಗೆ ಇಳಿಸುವಂತಿರಬೇಕು, ನಾಲ್ಕು ಮೂಲೆಯಲ್ಲಿ ಗುಂಡು ಮಾಡಿದ ಕಂಬ ಮೇಲೆ ಚಾಚಿರಬೇಕು, ಹಳೆಯ ಹಾಸಿಗೆಯನ್ನು ನೀವು ಜೊತೆಗೇ ಒಯ್ದಿರುವುದರಿಂದ ಅದರ ಅಳತೆಗೆ ಹೊಂದಬೇಕು, ಸುತ್ತಲೂ ಹತ್ತಿಯ ದಿಂಬು ಹೊಲಿಸಿ ಕಳಿಸಬೇಕು. ಅತ್ತೆ, ನಮ್ಮ ಕಾರ್ಖಾನೆಯ ಗೋಡೆಯ ಮೇಲೆ ಏನೇನು ಮಾಡಬಾರದು ಎಂದು ಒಂದು ಹಾಳೆ ಅಂಟಿಸಿದ್ದಾರೆ. ನೀವು ಅದನ್ನೇ ನೋಡಿಕೊಂಡು ಬರೆಸಿದ ಹಾಗಿದೆ.

ಹಾಸಿಗೆಯ ಅಳತೆ ಬೇಕಲ್ಲ ಎಂದು ಹೋದ ಮಂಗಳವಾರ ಅಟ್ಟದಿಂದ ಆ ತೊಟ್ಟಿಲನ್ನು ಇಳಿಸಿದೆ. ಆರು ವರ್ಷದಲ್ಲಿ ಅದನ್ನು ಮುಟ್ಟಿದ್ದು ಅದೇ ಮೊದಲು. ನಿಮ್ಮ ಮಗನೂ ಮಗಳೂ ಮಲಗಿ ಬೆಳೆದ ತೊಟ್ಟಿಲು. ನಾನು ಮೂತಿ ತಿರುಗಿಸಿದಾಗಲೆಲ್ಲ "ಇಬ್ಬರನ್ನ ಇದ್ರಲ್ಲೇ ಸಾಕಿದ್ದೀನಿ, ನಂಗೆ ಹೇಳ್ಕೊಡ್ಬೇಡ" ಎಂದು ನೀವು ತಟ್ಟಿ ತೋರಿಸುತ್ತಿದ್ದ ತೊಟ್ಟಿಲು. ಇಳಿಸುವ ಪಕ್ಕವನ್ನು ನೀವೇ ಗೋಡೆಗೆ ತಿರುಗಿಸಿ ಇಟ್ಟಿದ್ದಿರಿ, ನೆನಪಿದೆಯೇ? ಗೋಡೆಯ ಸುಣ್ಣ ತಾಗದಿರಲಿ ಎಂದು ಅದರ ಮೇಲೆ ಒಂದು ಹೊದಿಕೆಯನ್ನು ನೆಲದವರೆಗೆ ಇಳಿಬಿಟ್ಟಿದ್ದಿರಿ. ಎಷ್ಟು ಅಚ್ಚುಕಟ್ಟು ಎಂದುಕೊಂಡಿದ್ದೆ, ಪೆದ್ದಿ. ಆ ದಿನ ಬೆಳಗ್ಗೆ ನೀವು ಹೇಳಿದಿರೆಂದು ತೊಟ್ಟಿಲನ್ನು ಎಳೆದು ಹಿಂದೆ ಗುಡಿಸಿ ಮತ್ತೆ ತಳ್ಳಿದೆ. ಮಧ್ಯಾಹ್ನ ನೀವು ಹೇಳಿದಿರೆಂದೇ ಮಾಳಿಗೆಗೆ ಬಟ್ಟೆ ಹರವಲು ಹೋದೆ. ಬಕೆಟ್ಟಿನಲ್ಲಿ ಎರಡು ಬೆಡ್‌ಶೀಟು, ಒಂದಷ್ಟು ಸಣ್ಣ ಬಟ್ಟೆ. ಹೆಚ್ಚೆಂದರೆ ಹತ್ತು ನಿಮಿಷ. ಇಳಿದು ಬಂದಾಗ ಗೋಡೆಯ ಕಡೆಯ ಪಕ್ಕ ಜಾರಿ ಕೆಳಗಿತ್ತು, ಹಾಸಿಗೆಗೂ ಗೋಡೆಗೂ ನಡುವಿನ ಸಂದಿನಲ್ಲಿ ನನ್ನ ಗುಬ್ಬಿ. ಏಳು ತಿಂಗಳ ಮಗು. ಅದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ, ಪುಟ್ಟಿ, ನಿನಗೂ ಬೇಡ.

ಅವತ್ತಿನಿಂದ ನೀವು ಬಂದವರಿಗೆಲ್ಲ ಒಂದೇ ಮಾತು ಹೇಳಿದಿರಿ. "ಗುಡಿಸೋಕೆ ಅಂತ ಎಳೆದ್ಲು, ಚಿಲಕ ಬಿಚ್ಚಿಕೊಂಡಿತ್ತು, ಹಾಕೋದು ಮರೆತ್ಲು." ಕೂಗಾಡಲಿಲ್ಲ, ಬೈಯಲಿಲ್ಲ, ಮೆಲ್ಲನೆ ಹೇಳಿದಿರಿ, ಪಾಪ ಎನ್ನುವ ಹಾಗೆ. ಅದಕ್ಕೇ ಎಲ್ಲರೂ ನಂಬಿದರು. ಆಮೇಲೆ ಹಾಲು ಉಕ್ಕಿದರೆ ಮರೆಗುಳಿ, ಕೊಡೆ ಬಸ್ಸಿನಲ್ಲಿ ಉಳಿದರೆ ಮರೆಗುಳಿ. ನಿಮ್ಮ ಮಗ ಹಾಗೆ ಕರೆಯಲಿಲ್ಲ ನಿಜ. ಆದರೆ ಮನೆಯಿಂದ ಹೊರಡುವಾಗ ನಾನು ಬೀಗ ಹಾಕಿದ ಮೇಲೆ ಇವರು ಇನ್ನೊಮ್ಮೆ ಜಗ್ಗಿ ನೋಡುತ್ತಿದ್ದರು. ಆರು ವರ್ಷ, ದಿನಾ. ಹೆಚ್ಚೇನು, ನಾನೇ ನಂಬಿದ್ದೆ. ಚಿಲಕ ಮುಟ್ಟಿದೆನೇ, ಇಲ್ಲವೇ? ತಳ್ಳಿದಾಗ ಟಿಕ್ ಎಂದು ಕೇಳಿತೇ, ಇಲ್ಲವೇ? ಆ ಟಿಕ್ಕನ್ನು ನೆನಪಿಸಿಕೊಳ್ಳಲು ತಲೆ ಚಚ್ಚಿಕೊಂಡಿದ್ದೇನೆ. ಇನ್ನೊಂದು ಮಗು ಬೇಡವೆಂದು ಹಟ ಹಿಡಿದವಳು ನಾನು, ಮರೆಗುಳಿಯ ಮಡಿಲಿಗೆ ಇನ್ನೊಂದು ಜೀವ ಯಾಕೆ ಎಂದು. ನಿಮ್ಮ ಮಗ ಅದಕ್ಕೂ ತಲೆ ಬಗ್ಗಿಸಿದರು. ನಮ್ಮ ಹರೆಯ ಹಾಗೆ ಕಳೆಯಿತು.

ಮಂಗಳವಾರ ನಾನು ಸೊಸೆಯಾಗಿ ಅಲ್ಲ, ತಪಾಸಣೆಯವಳಾಗಿ ಅದರ ಮುಂದೆ ಕೂತೆ. ಚಿಲಕವನ್ನು ಒತ್ತಿದೆ. ಟಿಕ್ ಎಂದಿತು. ಎಷ್ಟು ಚೆನ್ನಾಗಿ ಟಿಕ್ ಎಂದಿತು! ಎಳೆದು ನೋಡಿದೆ, ಕೈಗೆ ಬಂತು. ಮತ್ತೆ ಒತ್ತಿದೆ, ಮತ್ತೆ ಎಳೆದೆ. ಹನ್ನೆರಡು ಸಲ ಮಾಡಿದೆ. ಹನ್ನೆರಡು ಸಲವೂ ಸದ್ದು ಬಂತು, ಹನ್ನೆರಡು ಸಲವೂ ನಿಲ್ಲಲಿಲ್ಲ. ತಿರುಪು ಬಿಚ್ಚಿದರೆ ಒಳಗೆ ಸ್ಪ್ರಿಂಗೇ ಇಲ್ಲ. ಮುರಿದ ತುಂಡೊಂದು ತುಕ್ಕು ಹಿಡಿದು ಅಂಟಿಕೊಂಡಿದೆ, ಒಂದೆರಡು ವರ್ಷದ ತುಕ್ಕಲ್ಲ ಅದು. ಆ ಚಿಲಕವನ್ನು ನಾನಲ್ಲ, ಯಾರು ಹಾಕಿದ್ದರೂ ನಿಲ್ಲುತ್ತಿರಲಿಲ್ಲ. ಹಾಗಾದರೆ ಅವತ್ತಿನವರೆಗೆ ಏಳು ತಿಂಗಳು ಆ ಪಕ್ಕ ಹೇಗೆ ನಿಂತಿತ್ತು ಎಂದು ಕಂಬವನ್ನು ಬೆಳಕಿಗೆ ಹಿಡಿದು ನೋಡಿದೆ. ಹೊದಿಕೆ ಮುಚ್ಚುತ್ತಿದ್ದ ಜಾಗದಲ್ಲಿ, ಕಂಬಕ್ಕೂ ಪಕ್ಕಕ್ಕೂ ಸೇರಿಸಿ, ಬಣ್ಣ ಸವೆದು ಬೆರಳಗಲದ ಬಳೆಯಂಥ ಗುರುತು. ತಿರುಪಿನ ತಲೆಗೆ ನಾಲ್ಕೆಳೆ ನೀಲಿ ದಾರ ಸಿಕ್ಕಿಕೊಂಡಿತ್ತು. ಆ ನೀಲಿ ಯಾವುದೆಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ಮಾವನವರು ಇರುವವರೆಗೆ ನೀಲಿ ಲಾಡಿಯ ಅವರ ಪೈಜಾಮವನ್ನು ಒಗೆದವಳು ನಾನು. ನಿಮ್ಮ ಕಪಾಟಿನ ಕೆಳಗಿನ ಅರೆಯಲ್ಲಿ ಆ ಪೈಜಾಮ ಇನ್ನೂ ಮಡಿಸಿದ ಹಾಗೇ ಇದೆ. ಅದರಲ್ಲಿ ಲಾಡಿ ಇಲ್ಲ.

ಚಿಲಕ ಮುರಿದದ್ದು ನಿಮಗೆ ಗೊತ್ತಿತ್ತು. ಲಾಡಿ ಕಟ್ಟಿ, ಹೊದಿಕೆ ಮುಚ್ಚಿ, ಗೋಡೆಗೆ ತಿರುಗಿಸಿದಿರಿ. ನಿಮ್ಮ ಮನೆಯ ತೊಟ್ಟಿಲಿಗೆ ಕುಂದು ಹೇಳಿಸಿಕೊಳ್ಳುವುದು ನಿಮಗೆ ಆಗದು. ಅದನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ ಅತ್ತೆ, ಸತ್ಯವಾಗಿ. ಗಂಟು ಸಡಿಲವಾಗುತ್ತದೆ, ಎಳೆದು ತಳ್ಳುವಾಗ ನನ್ನ ಕೈಯಿಂದಲೇ ಸಡಿಲವಾಗಿರಬಹುದು. ಮನುಷ್ಯರಿಂದ ತಪ್ಪಾಗುತ್ತದೆ. ಆದರೆ ನಾನು ಮಗುವನ್ನು ಎತ್ತಿಕೊಂಡು ಬರಿಗಾಲಲ್ಲಿ ಬೀದಿಗೆ ಓಡಿದೆನಲ್ಲ, ಆಗ ನೀವು ಹಿಂದೆ ಬರಲಿಲ್ಲ. ಕಾಲು ಕುಸಿದು ಅಲ್ಲೇ ಕೂತುಬಿಟ್ಟೆ ಎಂದಿರಿ. ಪಕ್ಕದ ಮನೆಯ ದರ್ಜಿ ಕೋಣೆಗೆ ಬಂದು ನೋಡುವ ಹೊತ್ತಿಗೆ ಲಾಡಿ ಇರಲಿಲ್ಲ, ಚಿಲಕ ಮಾತ್ರ ಬಿಚ್ಚಿಕೊಂಡಿತ್ತು. ನನ್ನ ಮಗು ನನ್ನ ತೋಳಲ್ಲಿ ತಣ್ಣಗಾಗುತ್ತಿದ್ದಾಗ ನೀವು ಮಂಡಿಯೂರಿ ಕೂತು ಗಂಟು ಬಿಚ್ಚುತ್ತಿದ್ದಿರಿ. ಕುಸಿದ ಕಾಲು ನಿಮ್ಮದು, ಕೈ ಮಾತ್ರ ಗಟ್ಟಿಯಾಗಿತ್ತು. ಇದನ್ನು ನಾನು ಕ್ಷಮಿಸುವುದಿಲ್ಲ. ಸಾಯುವವರೆಗೆ ಕ್ಷಮಿಸುವುದಿಲ್ಲ.

ನಿಮ್ಮ ಮಗನಿಗೆ ಅದೇ ಸಂಜೆ ತೋರಿಸಿದೆ. ಕೆಲಸದಿಂದ ಬಂದವರು ಬೂಟು ಬಿಚ್ಚದೆ ನೆಲದ ಮೇಲೆ ಕೂತು, ಆ ಚಿಲಕವನ್ನು ಒತ್ತಿದರು, ಎಳೆದರು, ಒತ್ತಿದರು. ಯಂತ್ರ ಗೊತ್ತಿರುವ ಮನುಷ್ಯ, ವಿವರಿಸಬೇಕಾಗಲಿಲ್ಲ. ಕೊನೆಗೆ "ಅಮ್ಮನ್ನ ಒಂದ್ಮಾತು ಕೇಳೋಣ" ಎಂದರು. ಮರುದಿನ ಹೊರಡುವಾಗ ನಾನು ಬೀಗ ಹಾಕಿದೆ. ಇವರು ತಿರುಗಿ ನೋಡದೆ ಮೆಟ್ಟಿಲಿಳಿದರು. ನಾನು ಅಲ್ಲೇ ಬಾಗಿಲಿಗೆ ಹಣೆಯಿಟ್ಟು ಅತ್ತುಬಿಟ್ಟೆ. ಆರು ವರ್ಷದ ಅಳು.

ಒಂದು ಕೆಟ್ಟ ಯೋಚನೆಯನ್ನೂ ಬರೆದುಬಿಡುತ್ತೇನೆ. ಬುಧವಾರ ಪೂರ್ತಿ ಅದು ನನ್ನ ತಲೆಯಲ್ಲಿತ್ತು. ಅದೇ ತೊಟ್ಟಿಲಿಗೆ ಹೊಸ ಬಣ್ಣ ಹೊಡೆದು, ಟಿಕ್ ಎನ್ನುವ ಚಿಲಕದ ಸಮೇತ, ತಗೊಳ್ಳಿ ನಿಮ್ಮ ಮುಯ್ಯಿ ಎಂದು ಕಳಿಸಿಬಿಡಲೇ ಎಂದು. ನೀವು ಕೇಳಿದ್ದು ಅದನ್ನೇ ತಾನೆ? ಪುಟ್ಟಿ, ಹೆದರಬೇಡ. ಗುರುವಾರ ಬೆಳಗ್ಗೆ ಕಾರ್ಖಾನೆಯಿಂದ ಗರಗಸ ತಂದು ಅದನ್ನು ಮೊಣಕೈಯುದ್ದದ ತುಂಡುಗಳಾಗಿ ಕೊಯ್ದೆ. ಚಿಲಕ, ಆ ಕಂಬ, ಆ ಪೈಜಾಮ ಮಾತ್ರ ಉಳಿಸಿಕೊಂಡಿದ್ದೇನೆ.

ನಿನಗೆ ಬೇರೆ ಆರಿಸಿದ್ದೇನೆ. ಮೂವತ್ತೊಂದನ್ನು ನೋಡಿ, ಮೂವತ್ತನ್ನು ಬಿಟ್ಟು. ನಾಲ್ಕು ಪಕ್ಕವೂ ಗಟ್ಟಿ, ಯಾವುದೂ ಇಳಿಯುವುದಿಲ್ಲ. ನಿನಗೆ ಬಗ್ಗಿ ಎತ್ತಲು ಸೊಂಟ ನೋಯುತ್ತದೆ, ನೋಯಲಿ. ಸರಳುಗಳ ಸಂದಿನಲ್ಲಿ ನಮ್ಮ ಅಳತೆಯ ಮರದ ತುಂಡು ಎಲ್ಲೂ ತೂರಲಿಲ್ಲ, ಒಂದೊಂದನ್ನೂ ಹಿಗ್ಗಿಸಿ ನೋಡಿದ್ದೇನೆ. ಮೂಲೆಯ ಕಂಬ ಪಕ್ಕದ ಮಟ್ಟಕ್ಕೇ ಇದೆ, ಅಂಗಿಯ ಕುತ್ತಿಗೆ ಸಿಕ್ಕಿಕೊಳ್ಳುವುದಿಲ್ಲ. ಮರಳಿನ ಚೀಲವನ್ನು ತಳದ ಹಲಗೆಯ ಮೇಲೆ ನೂರು ಸಲ ಎತ್ತಿಹಾಕಿಸಿದೆ. ಮೇಸ್ತ್ರಿ "ಒಳಗೆ ಮಗು ಮಲಗ್ಸೋದಾ, ಆನೆ ಮಲಗ್ಸೋದಾ" ಎಂದು ಕೇಳಿದರು. ಹಾಸಿಗೆ ಅದರದ್ದೇ ಅಳತೆಯದು, ಗಟ್ಟಿಯದು, ಅಂಚಿನಲ್ಲಿ ನಿನ್ನ ಎರಡು ಬೆರಳು ಸೇರಿಸಿ ತೂರಿಸಲು ನೋಡು, ತೂರಬಾರದು. ಅಮ್ಮ ಒಯ್ದಿರುವ ಹಳೆಯ ಹಾಸಿಗೆಯನ್ನು ಇವತ್ತೇ ಎಸೆ. ದಿಂಬು ಬೇಡ, ಸುತ್ತ ಹತ್ತಿ ಬೇಡ, ದಪ್ಪ ಹೊದಿಕೆ ಬೇಡ. ಬರಿಯ ಹಾಸಿಗೆ, ಬೆನ್ನ ಮೇಲೆ ಮಗು. ನೋಡುವವರಿಗೆ ಬೋಳಾಗಿ ಕಾಣುತ್ತದೆ, ಕಾಣಲಿ. ಗೋಡೆಗೆ ಒತ್ತಿ ಇಡಬೇಡ, ಕಿಟಕಿಯ ಪರದೆಯ ಹಗ್ಗ ಕೈಗೆ ಸಿಗುವಲ್ಲಂತೂ ಬೇಡವೇ ಬೇಡ.

ಅತ್ತೆ, ಔಷಧಿ ಮರೆಯಬೇಡಿ. ಬೇಗ ನಿಮ್ಮ ಕಣ್ಣು ತಿಳಿಯಾಗಲಿ, ಈ ಪತ್ರವನ್ನು ನೀವೇ ಒಂದು ಸಲ ಓದುವಷ್ಟು. ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸಿ. ಪುಟ್ಟಿಗೆ ಸುಖವಾಗಿ ಹೆರಿಗೆಯಾಗಲೆಂದು ನಾನು ಬಾಯಿಮಾತಿಗೆ ಹೇಳುತ್ತಿಲ್ಲ.

ಇತಿ,
ನಿಮ್ಮ ಸೊಸೆ

ಸೋಮವಾರ ಬೆಳಗ್ಗೆ, ಅವಸರದಲ್ಲಿ ಒಂದು ಮಾತು, ಅಂಚೆಯ ಹೊತ್ತಾಯಿತು. ತೊಟ್ಟಿಲನ್ನು ಲಾರಿಯವನ ಕೈಲಿ ಕಳಿಸುವುದಿಲ್ಲ, ಬರುವ ಭಾನುವಾರ ನಾವಿಬ್ಬರೂ ತಂದು ನಾನೇ ಜೋಡಿಸಿಕೊಡುತ್ತೇನೆ. ಅವತ್ತು ಅತ್ತೆಯವರು ಮಗನ ಮುಂದೆ, ಮಗಳ ಮುಂದೆ ನಾಲ್ಕು ಮಾತು ಹೇಳಬೇಕು: ಕಟ್ಟಿದ್ದು ನಾನು, ಬಿಚ್ಚಿದ್ದೂ ನಾನು. ಹೇಳಿದರೂ ಹೇಳದಿದ್ದರೂ ತೊಟ್ಟಿಲು ನಿನ್ನದೇ, ಪುಟ್ಟಿ, ಹುಟ್ಟುವ ಮಗುವಿನ ಮೇಲೆ ನನಗೆ ಯಾವ ಮುಯ್ಯಿಯೂ ಇಲ್ಲ. ಆದರೆ ಹೇಳುವವರೆಗೆ ಮಗುವನ್ನು ನಿನ್ನ ಅಮ್ಮನ ಜೊತೆ ಒಂದು ಗಳಿಗೆಯೂ ಒಂಟಿಯಾಗಿ ಬಿಡಬೇಡ. ಮುರಿದದ್ದನ್ನು ಮುರಿದಿದೆ ಎನ್ನದವರು ನಾಳೆ ಇನ್ನೇನನ್ನು ಮುಚ್ಚಿಡುತ್ತಾರೋ. ಇದನ್ನು ಅತ್ತಿಗೆ ಹಗೆಗೆ ಹೇಳುತ್ತಿದ್ದಾಳೋ ನಿನ್ನ ಮಗುವಿನ ಒಳ್ಳೆಯದಕ್ಕೆ ಹೇಳುತ್ತಿದ್ದಾಳೋ ಎಂದು ನೀನು ಕೇಳಬಹುದು. ಎರಡಕ್ಕೂ.