ಅತ್ತೆಗೆ ಹೇಳಿದ ಹಸಿರು

ಮಾರ್ಚ್ 3, ಬೆಳಗ್ಗೆ

ಉಣ್ಣೆಗೆ ಸಾಕಿದ ಅಲ್ಪಾಕಾಗಳನ್ನು ಮೇಯಲು ಜೌಗಿಗೆ ಬಿಟ್ಟು ಬಂದೆ. ಒಲೆ ಪಕ್ಕ ಅತ್ತೆ. ಕಣ್ಣಿಗೆ ಪೊರೆ ಬಂದು ಆರು ವರ್ಷ; ಅಂಗಳ ದಾಟುವುದನ್ನೇ ಬಿಟ್ಟಿದ್ದಾರೆ. ಎಂದಿನ ಪ್ರಶ್ನೆ—

"ಹೇಗಿದೆಯೇ ನಮ್ಮ ಜೌಗು?"

"ಹಸಿರೋ ಹಸಿರು ಅತ್ತೆ. ಮಂಡಿ ತನಕ ನೀರು."

ಪಾದ ನೆನೆಯುವಷ್ಟೂ ಇಲ್ಲ. ಊರ ಹಿಂದಿನ ಜ್ವಾಲಾಮುಖಿ ಬೆಟ್ಟದ ಮೇಲೆ ಹಿಮ ಕಮ್ಮಿಯಾದಂತೆ ಕೆಳಗಿನ ನೀರಿನ ಊಟೆಗಳು ಬತ್ತುತ್ತಿವೆ. ಹೇಳಿ ಯಾಕೆ ನೋಯಿಸಲಿ...

ಮಾರ್ಚ್ 9

ಗಂಡ ಸೆವೆರೊ ಲಾರಿಯಿಂದ ಇಳಿದವನೇ ಹೇಳಿದ— ಕೆಳಗೆ ಕಡಲತೀರದ ಅರಿಕಾದ ಆಸ್ಪತ್ರೆಯಲ್ಲಿ ಅಮ್ಮನ ಕಣ್ಣಿನ ಆಪರೇಷನ್‌ಗೆ ಡೇಟ್ ಸಿಕ್ಕಿದೆ. ಅತ್ತೆ ಕುಣಿಯುವುದೊಂದು ಬಾಕಿ.

ದೊಡ್ಡಿಯ ಹತ್ತಿರ ಅವನನ್ನು ತಡೆದೆ. "ಜೌಗಿನ ವಿಷಯ ಈಗ್ಲೇ ಹೇಳ್ಬಿಡೋಣ."

"ಹೇಳಿದ್ರೆ ಕಣ್ಣೇ ಬೇಡ ಅಂತಾಳೆ. ಅವಳ ಹಟ ಗೊತ್ತಲ್ಲ ನಿಂಗೆ."

ಗೊತ್ತು. ದೊಡ್ಡಿಯ ಬಾಗಿಲು ಹಾಕಿ ಬಂದೆ.

ಮಾರ್ಚ್ 26, ಅರಿಕಾ

ಕಣ್ಣಿನ ಪಟ್ಟಿ ಬಿಚ್ಚಿದರು. ಅತ್ತೆ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು.

"ಕೂದ್ಲು ಯಾವಾಗ ಬೆಳ್ಳಗಾಯ್ತೇ ನಸಾರಿಯಾ? ಹೇಳ್ಲೇ ಇಲ್ಲ."

"ನೀವು ಕೇಳಿದ್ರೆ ತಾನೆ."

ನಕ್ಕರು. ಕಿಟಕಿಯಾಚೆ ಸಮುದ್ರ. ಒಮ್ಮೆ ನೋಡಿ ಮುಖ ತಿರುಗಿಸಿದರು. "ಇಷ್ಟು ನೀರು ಇಟ್ಕೊಂಡು ಏನ್ಮಾಡ್ತಾರೆ, ಒಂದು ಅಲ್ಪಾಕಾನೂ ಕುಡಿಯಲ್ಲ. ನಡಿ, ನಮ್ಮ ಜೌಗು ನೋಡ್ಬೇಕು."

ಏಪ್ರಿಲ್ 2

ದಾರಿಯುದ್ದಕ್ಕೂ ಹೇಳಬೇಕೆಂದುಕೊಂಡೆ. ಆದರೆ ಕೋಕಾ ಎಲೆ ಅಗಿಯುತ್ತ ಕೂತೆ.

ಅತ್ತೆ ಲಾರಿ ಇಳಿದು ನೇರ ಜೌಗಿಗೇ ನಡೆದರು. ಕಂದು ನೆಲ, ಒಣಗಿದ ಹುಲ್ಲುಗುಪ್ಪೆಗಳು. ನಡುವೆ ಒಂದು ಪಟ್ಟಿ ಹಸಿರು, ಅಲ್ಲೇ ಒತ್ತೊತ್ತಾಗಿ ಅಷ್ಟೂ ಅಲ್ಪಾಕಾ. ಒಂದು ಗುಪ್ಪೆಯನ್ನು ಕಾಲಿನಿಂದ ಒತ್ತಿದರು. ಪುಡಿಯಾಯಿತು.

ರಾತ್ರಿ ಕಿನುವಾ ಗಂಜಿಯನ್ನು ಮುಟ್ಟಲಿಲ್ಲ.

ಏಪ್ರಿಲ್ 5

ಉಣ್ಣೆ ನೂಲುತ್ತಿದ್ದೆ. ಅತ್ತೆ ಪಕ್ಕ ಬಂದು ಕೂತರು— ಊರಿಗೆ ಬಂದಮೇಲೆ ಮೊದಲ ಸಲ.

"ಸುಳ್ಳು ಹೇಳಿದ್ದು ನಾನೇ ಅತ್ತೆ. ಬೈದ್ಬಿಡಿ."

"ಬೈಯೋಣ ಅಂತಲೇ ಇದ್ದೆ." ನನ್ನ ಕೈಯಿಂದ ಕದಿರು ತೆಗೆದುಕೊಂಡರು. "ನನಗೆ ಹಸಿರು ತೋರಿಸ್ತಾ ತೋರಿಸ್ತಾ, ಈ ಒಣಗಿದ್ದನ್ನೆಲ್ಲ ನೀನೊಬ್ಳೇ ನೋಡ್ಕೊಂಡಿದ್ಯಲ್ಲೇ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅತ್ತುಬಿಟ್ಟೆ.

ಏಪ್ರಿಲ್ 6

ಮೇಲಿನ ಕಾಲುವೆಯಲ್ಲಿ ಹೂಳು. ತೆಗೆದರೆ ಜೌಗಿನ ಪಕ್ಕದ ತುಂಡಿಗಾದರೂ ನೀರು ಹರಿಯಬಹುದು. ಹರಿಯದೆಯೂ ಇರಬಹುದು. ಡಾಕ್ಟರು ಬಗ್ಗಬೇಡಿ ಎಂದಿದ್ದನ್ನು ಅತ್ತೆಗೆ ನೆನಪಿಸಿದೆ. ಈಗ ಹೊರಗೆ ಸಲಿಕೆ ಹಿಡಿದು ನಿಂತಿದ್ದಾರೆ. ಕೂಗುತ್ತಿದ್ದಾರೆ—

"ಬರೆದಿದ್ದು ಸಾಕು ಬಾರೇ. ನೀನು ಅಗಿ, ನಾನು ನೋಡ್ತೀನಿ."

ನೋಡ್ತಾರಂತೆ. ಬಂದೆ ಅತ್ತೆ, ಒಂದೇ ಒಂದು ಸಾಲು—